ಹಳೇ ರ‍್ಯಾಮ್ ಅಂಗಡಿಯಲ್ಲಿ ಬಿಟ್ಟು ಬರಬೇಡ್ರಿ

(1/9)
ರ‍್ಯಾಮ್ ಹಾಕಿಸಿಕೊಂಡು ಮನೆಗೆ ಬಂದಿದ್ದೀರಿ. ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ. ಈಗ ನಿಮ್ಮ ಕೈಯಲ್ಲಿ ಇರಲೇಬೇಕಾದ ವಸ್ತು ಯಾವುದು ಹೇಳ್ರಿ? ಸ್ಕ್ರೂಡ್ರೈವರ್ ಅಲ್ಲ, ಯೂಟ್ಯೂಬ್ ಅಲ್ಲ. ಬಿಚ್ಚಿ ತೆಗೆದ ಹಳೇ ರ‍್ಯಾಮ್.

ಕೊಪ್ಪಳದವರನ್ನ ಕೇಳ್ರಿ, ಗಂಗಾವತಿಯವರನ್ನ ಕೇಳ್ರಿ, ಕುಷ್ಟಗಿ, ಯಲಬುರ್ಗಾದಿಂದ ಬಸ್ಸಿಗೆ ಬರೋರನ್ನ ಕೇಳ್ರಿ, ಕಥೆ ಒಂದೇ. 4 ಜಿಬಿ ತೆಗೆಸಿ 8 ಹಾಕಿಸಿದೆ, ಎರಡು ದಿನ ಚಲೋ ಇತ್ತು, ಆಮೇಲೆ ಕಪ್ಪು ಸ್ಕ್ರೀನ್. "ಹಳೇದು ಎಲ್ಲಿ?" ಅಂದ್ರೆ "ಅಲ್ಲೇ ಅಂಗಡ್ಯಾಗ ಬಿಟ್ಟೆ, ಅದನ್ನ ತಗೊಂಡು ಏನ್ ಮಾಡೂದು?" ಅಂತಾರೆ.

ಏನ್ ಮಾಡೋದು ಅಂತ ಹೇಳೋಕೇ ಈ ಸರಣಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಹಳೇ ಸ್ಟಿಕ್ ನಿಮ್ಮ ಆಸ್ತಿ, ಮತ್ತು ಏನು ಕೆಟ್ಟಿದೆ ಅಂತ ತೋರಿಸೋ ಸಾಕ್ಷಿ ಕೂಡ ಅದೇ. ಅದು ಕೈಯಲ್ಲಿ ಇಲ್ಲದಿದ್ರೆ ಅಂಗಡಿಯವರು ಹೇಳಿದ್ದೇ ಸತ್ಯ, ಅವರು ಕೇಳಿದ್ದೇ ರೇಟು.

ಉದ್ದ ಇದೆ. ಸೇವ್ ಮಾಡಿಟ್ಕೊಳ್ರಿ. ಬೇಕಾಗೋ ದಿನ ಫೋನಲ್ಲೇ ಓದಬೇಕಾಗುತ್ತೆ, ಅವತ್ತು ಲ್ಯಾಪ್‌ಟಾಪ್ ಆನ್ ಇರೋದಿಲ್ಲ 🙂

(2/9)
ಎಲ್ಲರೂ ಈಗಲೇ ಯಾಕೆ ರ‍್ಯಾಮ್ ಹಾಕಿಸ್ತಿದ್ದಾರೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ನಮ್ಮಲ್ಲಿ ಸುಮಾರು ಮಂದಿ ಅದರ ಹಿಂದೆಮುಂದೆ ವಿಂಡೋಸ್ 11ಕ್ಕೆ ಹೋದ್ರು. ಅದಕ್ಕೆ ಕನಿಷ್ಠ 4 ಜಿಬಿ ಸಾಕು ಅಂತ ಕಂಪನಿಯೇ ಹೇಳುತ್ತೆ. ಹೌದು, ಸಾಕು, ಆನ್ ಆಗೋಕೆ. ಕ್ರೋಮ್‌ನಲ್ಲಿ ಹತ್ತು ಟ್ಯಾಬ್, ಜೊತೆಗೆ ಎಕ್ಸೆಲ್, ಜೊತೆಗೆ ಟ್ಯಾಲಿ ತೆಗೆದ್ರೆ ಫ್ಯಾನ್ ರೈಸ್ ಮಿಲ್ ತರ ಶಬ್ದ ಮಾಡುತ್ತೆ. ಗಂಗಾವತಿಯವರಿಗೆ ಈ ಹೋಲಿಕೆ ಬೇಗ ಅರ್ಥ ಆಗುತ್ತೆ.

ಅದರ ಮೇಲೆ ನಮ್ಮ ಲ್ಯಾಪ್‌ಟಾಪ್‌ಗಳು ಹೊಸವಲ್ಲ. ಅಣ್ಣನಿಗೋ ಅಕ್ಕನಿಗೋ ಡಿಗ್ರಿಯಲ್ಲಿ ಸರ್ಕಾರದಿಂದ ಬಂದದ್ದು, ಅವರು ಕೆಲಸಕ್ಕೆ ಹೋದ ಮೇಲೆ ನಮ್ಮ ಕೈಗೆ ಬಂದಿದೆ. ಇಲ್ಲಾ ಹುಬ್ಬಳ್ಳಿಯಿಂದ ತಂದ ಸೆಕೆಂಡ್ ಹ್ಯಾಂಡ್. ಹೊಸಾದು ತಗೊಳ್ಳೋ ಮಾತು ಮನೆಯಲ್ಲಿ ಎತ್ತೋ ಹಂಗಿಲ್ಲ. ಇದ್ದದ್ದರಲ್ಲೇ ರ‍್ಯಾಮ್ ಹೆಚ್ಚಿಸೋದು ಬುದ್ಧಿವಂತಿಕೆ, ನಾನೂ ಅದನ್ನೇ ಹೇಳ್ತೀನಿ.

ಆದ್ರೆ ರೇಟು. ಜಗತ್ತಿನ ರ‍್ಯಾಮ್ ಚಿಪ್‌ನ ಬಹುಪಾಲು ಮಾಡೋದು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. 2025ರ ಕೊನೆಯ ತಿಂಗಳುಗಳಲ್ಲಿ ಎಐ ಸರ್ವರ್‌ಗಳಿಗೆ ಬೇಡಿಕೆ ಎಷ್ಟು ಏರ್ತು ಅಂದ್ರೆ, ನಮ್ಮಂಥವರಿಗೆ ಬರಬೇಕಾದ ಚಿಪ್ ಆ ಕಡೆ ಹರೀತು. ಡಿಸೆಂಬರ್‌ನಲ್ಲಿ ಮೈಕ್ರಾನ್, ಅಂಗಡಿಯಲ್ಲಿ ಸಿಗ್ತಿದ್ದ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ವ್ಯಾಪಾರವನ್ನೇ ನಿಲ್ಲಿಸೋದಾಗಿ ಘೋಷಿಸ್ತು. ಪೂರೈಕೆ ಇಳೀತು, ಬೇಡಿಕೆ ಏರ್ತು, ಬೆಲೆ ಏನಾಗುತ್ತೆ ಅನ್ನೋದು ನಮ್ಮ ಮೊದಲ ಸೆಮಿಸ್ಟರಿನ ಪಾಠ.

ಇದರಿಂದ ಇನ್ನೊಂದು ಆಯ್ತು, ಅದನ್ನ ಯಾರೂ ಹೇಳಲ್ಲ. ಹೊಸದರ ಬೆಲೆ ಏರಿದ್ರೆ ಹಳೇದಕ್ಕೂ ಬೆಲೆ ಬರುತ್ತೆ. ನೀವು "ಏನ್ ಮಾಡೂದು" ಅಂತ ಬಿಟ್ಟು ಬಂದ 4 ಜಿಬಿ ಸ್ಟಿಕ್ ಇನ್ನೊಬ್ಬರ ಲ್ಯಾಪ್‌ಟಾಪಿಗೆ ದುಡ್ಡಿಗೆ ಹೋಗುತ್ತೆ.

(3/9)
ನಮ್ಮ ಕ್ಲಾಸಿನ ಒಬ್ಬಳ ಕಥೆ. ಅವಳನ್ನ ಕೇಳಿಯೇ ಬರೀತಿದ್ದೀನಿ, ಊರು ಹೆಸರು ಬೇಡ ಅಂದಿದ್ದಾಳೆ.

ಹಳೇ ಲ್ಯಾಪ್‌ಟಾಪ್, 4 ಜಿಬಿ. ಒಂದು ಅಂಗಡಿಯಲ್ಲಿ 8 ಜಿಬಿ ಹಾಕಿಸಿದಳು. ಅಂಗಡಿಯಲ್ಲಿ ಆನ್ ಮಾಡಿ ತೋರಿಸಲಿಲ್ಲ, ಚಾರ್ಜ್ ಇಲ್ಲ ಅಂದ್ರು. ಮನೆಗೆ ಬಂದು ಬಟನ್ ಒತ್ತಿದ್ರೆ ಲೈಟ್ ಬರುತ್ತೆ, ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಕಪ್ಪು. ವಾಪಸ್ ಒಯ್ದಳು. ಐದೇ ನಿಮಿಷ ನೋಡಿ "ಮದರ್‌ಬೋರ್ಡ್ ಹೋಗೇತಿ, 7,500 ಆಗ್ತೈತಿ" ಅಂದ್ರು. ಆ ಲ್ಯಾಪ್‌ಟಾಪ್ ಮಾರಿದ್ರೂ ಅಷ್ಟು ಬರೋದು ಕಷ್ಟ. ಹಳೇ ರ‍್ಯಾಮ್ ಕೇಳಿದ್ರೆ "ಅದು ಎಲ್ಲಿ ಹೋತೋ" ಅಂದ್ರು.

ಅಕೌಂಟೆನ್ಸಿ ಓದೋರಿಗೆ ಇದು ಗೊತ್ತಿರೋ ವಿಷಯ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಲಿಲ್ಲ ಅಂದ್ರೆ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಿ. ಹಾಕಿ ಸುಮ್ಮನೆ ಕೂರಲ್ಲ. ಎಲ್ಲಿ ತಪ್ಪಿದೆ ಅಂತ ಹುಡುಕ್ತೀವಿ: ವ್ಯತ್ಯಾಸವನ್ನ ಅರ್ಧ ಮಾಡಿ ಆ ಮೊತ್ತ ತಪ್ಪು ಬದಿಗೆ ಬಿದ್ದಿದೆಯಾ ನೋಡ್ತೀವಿ, 9ರಿಂದ ಭಾಗ ಹೋದ್ರೆ ಅಂಕಿ ಅದಲುಬದಲಾಗಿರಬಹುದು ಅಂತ ನೋಡ್ತೀವಿ. ನಮ್ಮ ಕಡೆ ರಿಪೇರಿಯಲ್ಲಿ "ಮದರ್‌ಬೋರ್ಡ್ ಹೋಗೇತಿ" ಅನ್ನೋದು ಸಸ್ಪೆನ್ಸ್ ಅಕೌಂಟ್. ಗೊತ್ತಾಗದ್ದೆಲ್ಲ ಅಲ್ಲಿಗೆ. ಹುಡುಕೋ ಕೆಲಸ ಮಾತ್ರ ಯಾರೂ ಮಾಡಲ್ಲ, ಬಾಕಿ ಮೊತ್ತ ಗಿರಾಕಿ ಹೆಸರಿಗೆ.

ಅವಳ ಲ್ಯಾಪ್‌ಟಾಪಿಗೆ ಏನಾಗಿತ್ತು ಅಂತ 5ನೇ ಪೋಸ್ಟಲ್ಲಿ ಹೇಳ್ತೀನಿ. ಮದರ್‌ಬೋರ್ಡ್ ಅಂತೂ ಅಲ್ಲ.

(4/9)
ಮೊದಲ ಅರ್ಧ ಗಂಟೆ.

ಸ್ಕ್ರೀನ್ ಕಪ್ಪಾಗಿದ್ರೆ ಮೊದಲು ಸುಮ್ಮನೆ ಕಾಯ್ರಿ. ಹೊಸ ರ‍್ಯಾಮ್ ಹಾಕಿದಾಗ ಲ್ಯಾಪ್‌ಟಾಪ್ ಅದರ ವೇಗ, ಟೈಮಿಂಗ್ ಎಲ್ಲ ಹೊಂದಿಸಿಕೊಳ್ಳುತ್ತೆ, ಮೆಮೊರಿ ಟ್ರೈನಿಂಗ್ ಅಂತಾರೆ. ಡಿಡಿಆರ್5 ಇರೋ ಹೊಸ ಮಾಡೆಲ್‌ಗಳಲ್ಲಿ ಇದಕ್ಕೆ ಕೆಲವು ನಿಮಿಷ ಹಿಡಿಯಬಹುದು, ಮಧ್ಯೆ ಒಂದೆರಡು ಸಲ ತಾನೇ ರೀಸ್ಟಾರ್ಟ್ ಆಗಬಹುದು. ಹತ್ತು ಸೆಕೆಂಡಿಗೆ ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದ್ರೆ ಅದು ಪಾಪ ಮತ್ತೆ ಮೊದಲಿಂದ ಶುರು ಮಾಡುತ್ತೆ. ಚಾರ್ಜರ್ ಹಾಕಿ ಹತ್ತು ನಿಮಿಷ ಬಿಡ್ರಿ. ಡಿಡಿಆರ್3, ಡಿಡಿಆರ್4ಕ್ಕೆ ಅಷ್ಟು ಹೊತ್ತು ಬೇಡ.

ಆಗಲಿಲ್ಲವಾ? ಚಾರ್ಜರ್ ಕಿತ್ತು, ಬ್ಯಾಟರಿ ಹೊರಗೆ ಬರೋದಾದ್ರೆ ಅದನ್ನೂ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡೀರಿ. ಒಳಗೆ ಉಳಿದ ಕರೆಂಟ್ ಇಳಿಯುತ್ತೆ. ಆಮೇಲೆ ಚಾರ್ಜರ್ ಮಾತ್ರ ಹಾಕಿ ನೋಡ್ರಿ. ಎಷ್ಟೋ ಸಲ ಇಷ್ಟಕ್ಕೇ ಎದ್ದು ಕೂರುತ್ತೆ.

ಇನ್ನೂ ಇಲ್ಲ ಅಂದ್ರೆ ಕೆಳಗಿನ ಕವರ್ ಬಿಚ್ಚಬೇಕು. ಬ್ಯಾಟರಿ ಒಳಗೇ ಇದ್ರೆ ಮೊದಲು ಅದರ ಕನೆಕ್ಟರ್ ಬಿಡಿಸ್ರಿ. ಕರೆಂಟ್ ಇರುವಾಗ ರ‍್ಯಾಮ್ ಮುಟ್ಟಬಾರದು. ಹಾಸಿಗೆ ಮೇಲೆ, ನೈಲಾನ್ ಚಾಪೆ ಮೇಲೆ ಈ ಕೆಲಸ ಬೇಡ. ನಮ್ಮ ಬೇಸಿಗೆ ಗಾಳಿ ಒಣಗಿರುತ್ತೆ, ಸ್ವೆಟರ್ ತೆಗೆದಾಗ ಚಟಪಟ ಅನ್ನುತ್ತಲ್ಲ, ಆ ಸ್ಟ್ಯಾಟಿಕ್ ಚಿಪ್ ಸುಡೋಕೆ ಸಾಕು. ನೆಲಕ್ಕೆ ಇಳಿದಿರೋ ಕಬ್ಬಿಣದ ನಳ ಒಮ್ಮೆ ಮುಟ್ಟಿ ಬಂದು, ಸ್ಟಿಕ್ಕನ್ನ ಅಂಚಿನಲ್ಲಿ ಹಿಡೀರಿ.

ಈಗ ನೋಡಬೇಕಾದ್ದು: ಸ್ಟಿಕ್ ಪೂರ್ತಿ ಕೂತಿದೆಯಾ? ಓರೆಯಾಗಿ ಒಳಗೆ ತಳ್ಳಿದಾಗ ಬಂಗಾರದ ಬಣ್ಣದ ಹಲ್ಲು ಕಾಣದಷ್ಟು ಒಳಗೆ ಹೋಗಬೇಕು, ಆಮೇಲೆ ಕೆಳಗೆ ಒತ್ತಿದಾಗ ಎರಡೂ ಬದಿಯ ಕ್ಲಿಪ್ ಟಕ್ ಅನ್ನಬೇಕು. ಒಂದು ಬದಿ ಟಕ್ ಅಂದು ಇನ್ನೊಂದು ಅನ್ನದಿದ್ರೆ ಅದು ಕೂತಿಲ್ಲ. ನನ್ನ ಅಂದಾಜಿನಲ್ಲಿ "ಹಾಕಿದ್ಮೇಲೆ ಆನ್ ಆಗ್ತಿಲ್ಲ" ಅನ್ನೋದಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಇದೇ. ದೊಡ್ಡ ರೋಗ ಏನಲ್ಲ.

ಹಲ್ಲಿನ ಮೇಲೆ ಧೂಳು, ಜಿಡ್ಡು ಇದ್ರೂ ಇದೇ ಲಕ್ಷಣ. ಗಿಣಿಗೇರಾ ಕಡೆ ಇರೋರಿಗೆ ಧೂಳಿನ ಬಗ್ಗೆ ನಾನು ಹೇಳೋದೇನಿದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜೋದು ನಮ್ಮಲ್ಲಿ ರೂಢಿ, ಆದ್ರೆ ಆ ಬಂಗಾರದ ಲೇಪ ಬಹಳ ತೆಳು. ಮೆತ್ತಗೆ ಒಂದು ಸಲ ಸಾಕು, ರಬ್ಬರ್ ಪುಡಿ ಸ್ಲಾಟಿಗೆ ಬೀಳಬಾರದು. ಐಸೊಪ್ರೊಪೈಲ್ ಆಲ್ಕೋಹಾಲ್ ಸಿಕ್ಕರೆ ಅದೇ ಉತ್ತಮ.

ಕವರ್ ಬಿಚ್ಚಿದ್ದೀರಲ್ಲ, ಕೀಬೋರ್ಡ್, ಟಚ್‌ಪ್ಯಾಡಿನ ಪಟ್ಟಿ ಕೇಬಲ್‌ಗಳನ್ನೂ ನೋಡ್ರಿ. "ರ‍್ಯಾಮ್ ಹಾಕಿದ್ಮೇಲೆ ಟಚ್‌ಪ್ಯಾಡ್ ಕೆಲಸ ಮಾಡ್ತಿಲ್ಲ" ಅಂದ್ರೆ ರ‍್ಯಾಮ್ ನಿರಪರಾಧಿ, ಬಿಚ್ಚುವಾಗ ಕೇಬಲ್ ಸಡಿಲಾಗಿರುತ್ತೆ.

(5/9)
ಈಗ ಹಳೇ ಸ್ಟಿಕ್ಕಿನ ಕೆಲಸ.

ಹೊಸದನ್ನ ತೆಗೆದು ಹಳೇದೊಂದನ್ನೇ ಮೊದಲಿದ್ದ ಸ್ಲಾಟಿಗೆ ಹಾಕ್ರಿ. ಆನ್ ಆಯ್ತಾ? ಹಂಗಾದ್ರೆ ಮದರ್‌ಬೋರ್ಡ್ ಹೋಗಿಲ್ಲ. ಇನ್ನು ಆ ಮಾತು ಯಾರು ಹೇಳಿದ್ರೂ ಕೇಳಬೇಡ್ರಿ. ಈಗ ಅದೇ ಸ್ಲಾಟಿಗೆ ಹೊಸದೊಂದನ್ನೇ ಹಾಕ್ರಿ. ಆಗಲಿಲ್ಲ ಅಂದ್ರೆ ತೊಂದರೆ ಹೊಸ ಸ್ಟಿಕ್ಕಿನದು: ಕೆಟ್ಟಿದೆ, ಇಲ್ಲಾ ನಿಮ್ಮ ಲ್ಯಾಪ್‌ಟಾಪಿಗೆ ಹೊಂದಲ್ಲ. ಎರಡು ಸ್ಲಾಟ್ ಇದ್ದು, ಒಂದರಲ್ಲಿ ಎರಡೂ ಸ್ಟಿಕ್ ಓಡಿ ಇನ್ನೊಂದರಲ್ಲಿ ಯಾವುದೂ ಓಡದಿದ್ರೆ ಮಾತ್ರ ಸ್ಲಾಟಿನ ಮೇಲೆ ಅನುಮಾನ. ಒಂದೊಂದೇ ಹಾಕಿದಾಗ ಎರಡೂ ಚೆನ್ನಾಗಿ ಓಡಿ, ಜೊತೆಗೆ ಹಾಕಿದಾಗ ಕೈಕೊಟ್ರೆ ಅವೆರಡಕ್ಕೆ ಕೂಡಿ ಬರ್ತಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಎಂಟ್ರಿ ಒಟ್ಟಿಗೆ ತಿದ್ದಿದ್ರೆ ಯಾವುದು ತಪ್ಪಿತ್ತು ಅಂತ ಯಾವತ್ತೂ ಗೊತ್ತಾಗಲ್ಲ.

ನೋಡ್ರಿ, ಈ ಇಡೀ ಪರೀಕ್ಷೆಗೆ ಬೇಕಾದ್ದು ಒಂದು ಹಳೇ ಸ್ಟಿಕ್ ಮತ್ತು ಹದಿನೈದು ನಿಮಿಷ. ಅದನ್ನ ಅಂಗಡಿಯಲ್ಲಿ ಬಿಟ್ಟು ಬಂದವರಿಗೆ ಈ ದಾರಿಯೇ ಇಲ್ಲ.

ಇನ್ನು ಹೊಂದದೆ ಇರೋದು ಅಂದ್ರೆ ಏನು? ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದಕ್ಕೊಂದು ಹೊಂದಲ್ಲ, ಕೊರೆದ ಗುರುತಿನ ಜಾಗ ಬೇರೆ ಬೇರೆ, ಸ್ಲಾಟಿನೊಳಗೇ ಹೋಗಲ್ಲ. ಅಲ್ಲಿ ಮೋಸ ಹೋಗೋದು ಕಷ್ಟ. ಮೋಸ ಇರೋದು ಡಿಡಿಆರ್3ಕ್ಕೂ ಡಿಡಿಆರ್3ಎಲ್‌ಗೂ ನಡುವೆ. ಎರಡಕ್ಕೂ 204 ಪಿನ್, ಗುರುತು ಒಂದೇ ಜಾಗದಲ್ಲಿ, ಟಕ್ ಅಂತ ಕೂರುತ್ತೆ. ಆದ್ರೆ ಡಿಡಿಆರ್3ಕ್ಕೆ 1.5 ವೋಲ್ಟ್ ಬೇಕು, ಎಲ್ ಇರೋದು 1.35ರಲ್ಲಿ ಓಡುತ್ತೆ. ಎಲ್ ಸ್ಟಿಕ್ಕನ್ನ ಹಳೇ 1.5 ವೋಲ್ಟಿನ ಲ್ಯಾಪ್‌ಟಾಪಿಗೆ ಹಾಕಿದ್ರೆ ಸಾಮಾನ್ಯವಾಗಿ ನಡೆಯುತ್ತೆ. ಉಲ್ಟಾ ನಡೆಯಲ್ಲ. 1.35 ಮಾತ್ರ ಕೊಡೋ ಲ್ಯಾಪ್‌ಟಾಪಿಗೆ ಸಾದಾ ಡಿಡಿಆರ್3 ಹಾಕಿದ್ರೆ ಲೈಟ್ ಬರುತ್ತೆ, ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಕಪ್ಪು.

ಗೊತ್ತಾಯ್ತಲ್ಲ? ಅವಳದ್ದು ಇದೇ ಆಗಿತ್ತು. ಲೇಬಲ್ ಮೇಲೆ ಪಿಸಿ3ಎಲ್ ಅಂತ ಇರಬೇಕಿತ್ತು, ಬರೀ ಪಿಸಿ3 ಅಂತ ಇತ್ತು. ಒಂದು ಅಕ್ಷರ. ಸೀನಿಯರ್ ಒಬ್ಬರ ಹಳೇ ಲ್ಯಾಪ್‌ಟಾಪಿನ ಎಲ್ ಸ್ಟಿಕ್ ಕಡ ತಂದು ಹಾಕಿದ್ವಿ, ಅರ್ಧ ನಿಮಿಷದಲ್ಲಿ ವಿಂಡೋಸ್ ಬಂತು. 7,500 ರೂಪಾಯಿಯ ಒಂದು ಅಕ್ಷರ.

ಇನ್ನೂ ಒಂದು: ಹಳೇ ಮಾಡೆಲ್‌ಗಳಲ್ಲಿ ಸ್ಲಾಟಿಗೆ ಇಷ್ಟೇ ಜಿಬಿ ಅಂತ ಮಿತಿ ಇರುತ್ತೆ, ಮೀರಿದ್ರೆ ಗುರುತೇ ಹಿಡಿಯಲ್ಲ. ತೆಳ್ಳನೆಯ ಕೆಲವು ಲ್ಯಾಪ್‌ಟಾಪಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತೆ, ಸ್ಲಾಟೇ ಇರಲ್ಲ. ದುಡ್ಡು ಕೊಡೋ ಮೊದಲು ನಿಮ್ಮ ಮಾಡೆಲ್ ನಂಬರ್ ಹಾಕಿ ಕಂಪನಿ ಪುಟದಲ್ಲಿ ನೋಡ್ಕೊಳ್ರಿ.

(6/9)
ಕೆಲವು "ತೊಂದರೆ"ಗಳು ತೊಂದರೆಯೇ ಅಲ್ಲ.

ಆನ್ ಮಾಡಿದ ತಕ್ಷಣ ಮೆಮೊರಿ ಪ್ರಮಾಣ ಬದಲಾಗಿದೆ ಅಂತ ಇಂಗ್ಲಿಷಲ್ಲಿ ಒಂದು ಸಾಲು ಬಂದು ನಿಂತ್ರೆ, ಲ್ಯಾಪ್‌ಟಾಪ್ ನಿಮಗೆ ಲೆಕ್ಕ ಒಪ್ಪಿಸ್ತಿದೆ ಅಷ್ಟೇ. ಅದು ಹೇಳೋ ಬಟನ್ ಒತ್ತಿ ಮುಂದೆ ಹೋಗ್ರಿ, ಸಾಮಾನ್ಯವಾಗಿ ಮತ್ತೆ ಬರಲ್ಲ.

3200ರ ಸ್ಟಿಕ್ ತಂದೆ, 2666 ಅಂತ ತೋರಿಸ್ತಿದೆ? ಹಳೇ 2666ರ ಜೊತೆ ಹಾಕಿದ್ದೀರಿ. ಎರಡೂ ನಿಧಾನದವನ ವೇಗಕ್ಕೆ ನಡೀತವೆ, ಜಾತ್ರೆಗೆ ಅಜ್ಜಿಯ ಜೊತೆ ಗವಿಮಠಕ್ಕೆ ನಡೆದು ಹೋದಂಗೆ. ಯಾರೂ ಮೋಸ ಮಾಡಿಲ್ಲ.

8 ಹಾಕಿಸಿದೆ, ಬಳಸೋಕೆ 7ಕ್ಕೂ ಕಡಿಮೆ ಸಿಗ್ತಿದೆ? ಲ್ಯಾಪ್‌ಟಾಪಿನ ಗ್ರಾಫಿಕ್ಸ್ ತನ್ನ ಪಾಲು ಅದರಲ್ಲೇ ಎತ್ತಿಡುತ್ತೆ, ಕೆಲವು ಎಎಂಡಿ ಮಾಡೆಲ್‌ಗಳಲ್ಲಿ ಆ ಪಾಲು ದೊಡ್ಡದು. ಆದ್ರೆ 8 ಹಾಕಿಸಿಯೂ 4ರ ಒಳಗೇ ತೋರಿಸ್ತಿದ್ರೆ ಅದು ಬೇರೆ. ನಿಮ್ಮ ವಿಂಡೋಸ್ 32 ಬಿಟ್ ಆಗಿದ್ರೆ ಅದು 4 ಜಿಬಿ ದಾಟೋದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅಬೌಟ್ ಅಂತ ಹೋದ್ರೆ ಕಾಣುತ್ತೆ. 64 ಇದ್ದೂ ಹಂಗೇ ತೋರಿಸಿದ್ರೆ ಎಂಎಸ್‌ಕಾನ್ಫಿಗ್ ತೆಗೆದು, ಬೂಟ್, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಮೆಮೊರಿಗೆ ಟಿಕ್ ಇದೆಯಾ ನೋಡ್ರಿ, ಇದ್ರೆ ತೆಗೀರಿ. "ಸ್ಪೀಡ್ ಆಗುತ್ತೆ" ಅಂತ ಯಾವುದೋ ವಿಡಿಯೋ ನೋಡಿ ಯಾರೋ ಹಾಕಿರ್ತಾರೆ. ಅದೂ ಇಲ್ಲ ಅಂದ್ರೆ ಮತ್ತೆ ಸ್ಟಿಕ್ ಸರಿಯಾಗಿ ಕೂತಿಲ್ಲ ಅನ್ನೋಕೇ ಬರ್ತೀವಿ.

ಇನ್ನು "ರ‍್ಯಾಮ್ ಹಾಕಿಸಿದ್ರೂ ಅಷ್ಟೇ ಸ್ಲೋ" ಅನ್ನೋರಿಗೆ: ನಿಮಗೆ ರ‍್ಯಾಮ್ ಬೇಕೇ ಇರಲಿಲ್ಲವೇನೋ. ಟಾಸ್ಕ್ ಮ್ಯಾನೇಜರ್ ತೆಗೀರಿ. ಮೆಮೊರಿ ಅರ್ಧ ಖಾಲಿ ಇದ್ದು ಡಿಸ್ಕ್ ಮಾತ್ರ ನೂರಕ್ಕೆ ನೂರು ಇದ್ರೆ ನಿಮ್ಮ ತಿರುಗೋ ಹಾರ್ಡ್ ಡಿಸ್ಕ್ ದಣಿದಿದೆ, ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸ್ಬೇಕಿತ್ತು. ಇದನ್ನ ರ‍್ಯಾಮ್ ಮಾರೋ ಮೊದಲು ಒಂದು ನಿಮಿಷ ನೋಡಿ ಹೇಳೋ ಅಂಗಡಿ ಸಿಕ್ಕರೆ ಅವರನ್ನ ಬಿಡಬೇಡ್ರಿ, ನಾಲ್ಕು ಜನಕ್ಕೆ ಹೇಳ್ರಿ.

(7/9)
ಆನ್ ಆಗುತ್ತೆ, ಆದ್ರೆ ನಡುವೆ ನೀಲಿ ಸ್ಕ್ರೀನ್ ಬಂದು ಬಂದ್ ಆಗುತ್ತೆ. ಇದು ಎಲ್ಲಕ್ಕಿಂತ ಅಪಾಯಕಾರಿ, ಯಾಕಂದ್ರೆ ಜನ ಇದರ ಜೊತೆ ಬದುಕೋಕೆ ಕಲೀತಾರೆ. "ದಿನಕ್ಕೆ ಒಂದ್ಸಲ ಹಂಗ ಆಗ್ತೈತಿ ಬಿಡು" ಅಂತಾರೆ.

ಬಿಡಬಾರದು. ರ‍್ಯಾಮಲ್ಲಿ ಒಂದು ಬಿಟ್ ತಪ್ಪಾಗಿ, ಆ ತಪ್ಪೇ ಡಿಸ್ಕಿಗೆ ಸೇವ್ ಆದ್ರೆ ನಿಮ್ಮ ಫೈಲ್ ಕೆಡುತ್ತೆ. ಪ್ರಾಜೆಕ್ಟ್ ವರದಿ ತೆರೆಯೋದೇ ಇಲ್ಲ, ಟ್ಯಾಲಿ ಡೇಟಾ ಕೈಕೊಡುತ್ತೆ. ಆಗ ಟ್ಯಾಲಿಯನ್ನ ಬೈತೀರಿ, ಪೆನ್‌ಡ್ರೈವ್ ಬೈತೀರಿ, ಕರೆಂಟ್ ಹೋಯ್ತು ಅಂತ ಜೆಸ್ಕಾಂ ಬೈತೀರಿ.

ಸ್ಟಾರ್ಟ್‌ನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಅಂತ ಹುಡುಕ್ರಿ, ರೀಸ್ಟಾರ್ಟ್ ಕೇಳುತ್ತೆ, ತಾನೇ ಪರೀಕ್ಷಿಸಿ ಫಲಿತಾಂಶ ಕೊಡುತ್ತೆ. ಪುಕ್ಕಟೆ, ವಿಂಡೋಸಲ್ಲೇ ಇದೆ. ಅದರಲ್ಲಿ ಏನೂ ಸಿಗದೆ ಅನುಮಾನ ಉಳಿದ್ರೆ ಮೆಮ್‌ಟೆಸ್ಟ್86 ಪೆನ್‌ಡ್ರೈವಿಗೆ ಹಾಕಿ ರಾತ್ರಿ ಪೂರ್ತಿ ಓಡಿಸ್ರಿ, ಅದಕ್ಕೂ ಪುಕ್ಕಟೆ ಆವೃತ್ತಿ ಇದೆ. ಎಷ್ಟು ತಪ್ಪು ಬಂದ್ರೆ ಪಾಸ್ ಅಂತ ಕೇಳಬೇಡ್ರಿ. ಇಲ್ಲಿ 35ಕ್ಕೆ ಪಾಸ್ ಇಲ್ಲ, ಒಂದು ತಪ್ಪು ಬಂದ್ರೂ ಫೇಲ್. ಒಂದೊಂದೇ ಸ್ಟಿಕ್ ಹಾಕಿ ಓಡಿಸಿದ್ರೆ ಯಾವುದು ಕಳ್ಳ ಅಂತ ಗೊತ್ತಾಗುತ್ತೆ. ತಪ್ಪು ತೋರಿಸೋ ಆ ಕೆಂಪು ಸಾಲುಗಳ ಫೋಟೋ ಫೋನಲ್ಲಿ ತೆಗೆದಿಟ್ಕೊಳ್ರಿ, ಮುಂದಿನ ಪೋಸ್ಟಿಗೆ ಬೇಕು.

ಎಚ್ಚರಿಕೆ ಒಂದೇ: ಯಾರಾದ್ರೂ "ಬಯೋಸ್ ರೀಸೆಟ್ ಮಾಡು" ಅಂದ್ರೆ ಅದಕ್ಕೂ ಮೊದಲು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಬಿಟ್‌ಲಾಕರ್ ರಿಕವರಿ ಕೀ ಇದೆಯಾ ನೋಡಿ ಬರೆದಿಟ್ಕೊಳ್ರಿ. ರೀಸೆಟ್ ಆದ ಮೇಲೆ ಲ್ಯಾಪ್‌ಟಾಪ್ ಆ 48 ಅಂಕಿ ಕೇಳಬಹುದು, ಕೊಡದಿದ್ರೆ ಒಳಗಿರೋ ಫೈಲ್ ನಿಮಗೂ ಇಲ್ಲ, ಯಾರಿಗೂ ಇಲ್ಲ. ಅಣ್ಣನ ಲ್ಯಾಪ್‌ಟಾಪ್ ಆದ್ರೆ ಅಣ್ಣನ ಅಕೌಂಟಲ್ಲಿರುತ್ತೆ, ಫೋನ್ ಮಾಡ್ರಿ.

(8/9)
ಬಿಲ್ಲು.

ಬಿಕಾಂ ಓದ್ತಾ ಬಿಲ್ಲಿಲ್ಲದೆ ವ್ಯಾಪಾರ ಮಾಡಿ ಬರ್ತೀವಿ ನಾವು! ಪರೀಕ್ಷೆಯಲ್ಲಿ ಜಿಎಸ್‌ಟಿ ಇನ್‌ವಾಯ್ಸ್‌ನಲ್ಲಿ ಏನೇನಿರಬೇಕು ಅಂತ ಹತ್ತು ಅಂಕಕ್ಕೆ ಬರೀತೀವಿ, ಸಂಜೆ ಅಂಗಡಿಗೆ ಹೋಗಿ "ಬಿಲ್ ಬೇಕಾದ್ರ 18 ಪರ್ಸೆಂಟ್ ಜಾಸ್ತಿ ಆಗ್ತೈತಿ" ಅಂದ ಕೂಡಲೇ "ಬ್ಯಾಡ ಬಿಡ್ರಿ ಅಣ್ಣಾ" ಅಂತೀವಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಅದರ ಸೆಕ್ಷನ್ 2(47) ಅನುಚಿತ ವ್ಯಾಪಾರ ಪದ್ಧತಿ ಅಂದ್ರೆ ಏನು ಅಂತ ಹೇಳುತ್ತೆ. ಮಾರಿದ ಮೇಲೆ ಬಿಲ್ಲು ಅಥವಾ ರಸೀದಿ ಕೊಡದಿರೋದು ಆ ಪಟ್ಟಿಯಲ್ಲೇ ಇದೆ. ದೋಷ ಇರೋ ವಸ್ತುವನ್ನ ವಾಪಸ್ ತಗೊಂಡು ದುಡ್ಡು ಕೊಡೋಕೆ ಒಪ್ಪದಿರೋದೂ ಇದೆ: ಬಿಲ್ಲಲ್ಲಿ ಎಷ್ಟು ದಿನ ಅಂತ ಬರೆದಿದ್ರೆ ಅಷ್ಟು ದಿನದೊಳಗೆ, ಏನೂ ಬರೆದಿಲ್ಲದಿದ್ರೆ 30 ದಿನದೊಳಗೆ. ಗೋಡೆ ಮೇಲೆ "ಮಾರಿದ ಮಾಲು ವಾಪಸ್ ಇಲ್ಲ" ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಇದು ಅಳಿಸಿ ಹೋಗಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ.

ಒಂದು ರ‍್ಯಾಮಿಗಾಗಿ ಯಾರೂ ಆಯೋಗದ ಮೆಟ್ಟಿಲು ಹತ್ತಲ್ಲ, ನನಗೂ ಗೊತ್ತು. ಆದ್ರೆ ಬಿಲ್ಲು ಕೈಯಲ್ಲಿದ್ದು, ಮೆಮೊರಿ ಟೆಸ್ಟಿನ ಫೋಟೋ ಫೋನಲ್ಲಿದ್ದು, ಹಳೇ ಸ್ಟಿಕ್ ಜೇಬಲ್ಲಿದ್ದು ಮಾತಾಡೋ ಗಿರಾಕಿಯೇ ಬೇರೆ. ಆಗ ಮಾತು "ಮದರ್‌ಬೋರ್ಡ್" ಅಂತ ಶುರುವಾಗಲ್ಲ, "ಕೊಡ್ರಿ, ಬೇರೆ ಹಾಕಿ ನೋಡೂಣು" ಅಂತ ಶುರುವಾಗುತ್ತೆ.

ಬಿಲ್ಲಲ್ಲಿ ಬರೀ "ರ‍್ಯಾಮ್ 1 ನಗ" ಅಂತ ಇದ್ರೆ ಪ್ರಯೋಜನ ಇಲ್ಲ. ಬ್ರ್ಯಾಂಡ್, 8 ಜಿಬಿ, ಡಿಡಿಆರ್ ಎಷ್ಟು, ವೇಗ, ಸ್ಟಿಕ್ ಮೇಲಿರೋ ಸೀರಿಯಲ್ ನಂಬರ್ ಬರೆಸ್ರಿ. ಹೆಸರಿರೋ ಬ್ರ್ಯಾಂಡುಗಳು ರ‍್ಯಾಮಿಗೆ ವರ್ಷಗಟ್ಟಲೆ ವಾರಂಟಿ ಕೊಡ್ತಾವೆ. ಮೂರು ವರ್ಷ ಆದ ಮೇಲೆ ಕೆಟ್ಟರೂ ಬದಲಿ ಸಿಗಬಹುದು, ಆದ್ರೆ ಆ ಸೀರಿಯಲ್ ನಂಬರ್ ಮತ್ತು ಬಿಲ್ಲು ಇದ್ರೆ.

(9/9)
ಅಂಗಡಿಯವರೆಲ್ಲ ಕಳ್ಳರು ಅಂತ ನಾನು ಹೇಳ್ತಿಲ್ಲ. ಕಾಮೆಂಟಲ್ಲಿ ಹಂಗೆ ಬರೆದು ಯಾರದ್ದಾದ್ರೂ ಹೆಸರು ಹಾಕಿದ್ರೆ ಡಿಲೀಟ್ ಮಾಡ್ತೀನಿ.

ಅವರ ಕಡೆಯಿಂದಲೂ ನೋಡ್ರಿ. ಒಬ್ಬರೇ ಇರ್ತಾರೆ, ಜೆರಾಕ್ಸು, ಆನ್‌ಲೈನ್ ಅರ್ಜಿ, ಪ್ರಿಂಟರ್ ರಿಪೇರಿ ಎಲ್ಲ ಅದೇ ಟೇಬಲ್ ಮೇಲೆ. ನಾವು ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ಕ ರ‍್ಯಾಮ್ ತಂದು "ಬರೀ ಹಾಕಿಕೊಡ್ರಿ, ನೂರು ರೂಪಾಯಿ ತಗೋರಿ" ಅಂತೀವಿ, ಅದು ಓಡದಿದ್ರೆ ಅವರ ಮೇಲೆ ಹರಿಹಾಯ್ತೀವಿ. ಪರೀಕ್ಷೆಗೆ ಬೇಕಾದ ಎಲ್ಲ ತರದ ಸ್ಟಿಕ್ ಇಟ್ಕೊಳ್ಳೋಕೆ ಈ ರೇಟಲ್ಲಿ ಅವರಿಗೂ ಆಗಲ್ಲ. ಹಾಕೋ ಕೆಲಸಕ್ಕೆ, ಪರೀಕ್ಷೆ ಮಾಡೋ ಸಮಯಕ್ಕೆ ನ್ಯಾಯವಾದ ದುಡ್ಡು ಕೊಡ್ರಿ. ಕೊಟ್ಟು, ಎದುರಿಗೇ ಆನ್ ಮಾಡಿಸಿ, ಟಾಸ್ಕ್ ಮ್ಯಾನೇಜರಲ್ಲಿ 8 ಅಂತ ನೋಡಿ, ಒಮ್ಮೆ ರೀಸ್ಟಾರ್ಟ್ ಮಾಡಿಸಿ ಬನ್ನಿ. ಮನೆಯಿಂದ ಹೊರಡುವಾಗಲೇ ಚಾರ್ಜ್ ತುಂಬಿಸಿರಿ, ಚಾರ್ಜರೂ ಬ್ಯಾಗಲ್ಲಿರಲಿ. ಈ ಕೊನೆಯ ಮಾತು ಕುಷ್ಟಗಿ, ಯಲಬುರ್ಗಾದವರಿಗೆ ಡಬಲ್. 2025ರ ಮೇನಿಂದ ಕುಷ್ಟಗಿ ಹುಬ್ಬಳ್ಳಿ ರೈಲು ಬಂದ ಮೇಲೆ ಸುಮಾರು ಮಂದಿ ಲ್ಯಾಪ್‌ಟಾಪ್ ಹಿಡ್ಕೊಂಡು ಸೀದಾ ಹುಬ್ಬಳ್ಳಿಗೇ ಹೋಗ್ತಿದ್ದಾರೆ. ಅಲ್ಲಿ ನೋಡದೆ ಬಂದ್ರೆ ಮತ್ತೊಂದು ದಿನದ ಕ್ಲಾಸ್ ಹೋಯ್ತು.

ನನ್ನದೊಂದು ಪ್ರಸ್ತಾಪ ಇದೆ. ಪ್ರತಿ ಕಾಲೇಜಲ್ಲಿ, ಆಗದಿದ್ರೆ ಪ್ರತಿ ಕ್ಲಾಸಲ್ಲಿ, ಒಂದು ಡಬ್ಬಿ. ಅದರಲ್ಲಿ ಅಪ್‌ಗ್ರೇಡ್ ಮಾಡಿಸಿದವರ ಹಳೇ ಸ್ಟಿಕ್‌ಗಳು: ಒಂದು ಡಿಡಿಆರ್3ಎಲ್, ಒಂದೆರಡು ಡಿಡಿಆರ್4, ಸಿಕ್ಕರೆ ಒಂದು ಡಿಡಿಆರ್5. ಜೊತೆಗೆ ಒಂದು ಸಣ್ಣ ಸ್ಕ್ರೂಡ್ರೈವರ್. ಯಾರದ್ದಾದ್ರೂ ಕಪ್ಪು ಸ್ಕ್ರೀನ್ ಬಂದ್ರೆ ಅಂಗಡಿಗೆ ಹೋಗೋ ಮೊದಲು ಆ ಡಬ್ಬಿ. ದುಡ್ಡಿನ ಖರ್ಚು ಸೊನ್ನೆ. ಬೇಕಾಗಿರೋದು ನೀವು ಹಳೇ ಸ್ಟಿಕ್ ವಾಪಸ್ ಕೇಳಿ ತರೋದು ಮಾತ್ರ. ಸ್ಟಿಕ್ ಕೊಟ್ಟವರ ಹೆಸರು ಒಂದು ನೋಟ್‌ಬುಕ್ಕಲ್ಲಿ ಇರಲಿ, ಯಾರು ಯಾವತ್ತು ಒಯ್ದರು ಅನ್ನೋದೂ ಇರಲಿ. ಸ್ಟಾಕ್ ರಿಜಿಸ್ಟರ್ ಬರೆಯೋದು ನಮಗೆ ಯಾರೂ ಕಲಿಸಬೇಕಿಲ್ಲ.

ಈಗಲೇ ತೊಂದರೆಯಲ್ಲಿರೋರು ಡಿಎಂ ಮಾಡ್ರಿ: ಲ್ಯಾಪ್‌ಟಾಪಿನ ಮಾಡೆಲ್ ಹೆಸರು, ಹೊಸ ಸ್ಟಿಕ್ಕಿನ ಲೇಬಲ್ ಫೋಟೋ, ಹಳೇದರ ಲೇಬಲ್ ಫೋಟೋ. ಸೀರಿಯಲ್ ನಂಬರ್ ಮೇಲೆ ಬೆರಳು ಇಟ್ಟು ತೆಗೀರಿ, ಅದು ನನಗೆ ಬೇಡ. ಲೇಬಲ್ ಓದಿ ಹೊಂದುತ್ತಾ ಇಲ್ಲವಾ ಅಂತ ಹೇಳೋದು ಎರಡು ನಿಮಿಷದ ಕೆಲಸ.

ನನ್ನ ಹತ್ರ ಒಂದು 4 ಜಿಬಿ ಡಿಡಿಆರ್4 ಇದೆ, ಸೋಮವಾರದಿಂದ ಬ್ಯಾಗಲ್ಲೇ ಇಟ್ಕೊಂಡಿರ್ತೀನಿ. ಟೆಸ್ಟ್ ಮಾಡೋಕೆ ಯಾರಿಗೆ ಬೇಕಾದ್ರೂ ಕೊಡ್ತೀನಿ. ಸಂಜೆ ವಾಪಸ್ ಬೇಕು.

#ಕೊಪ್ಪಳ #ಗಂಗಾವತಿ #ಕುಷ್ಟಗಿ #ಯಲಬುರ್ಗಾ #ಬಿಕಾಂಹುಡುಗರು #ಹಳೇರ‍್ಯಾಮ್ವಾಪಸ್ಕೊಡ್ರಿ